ನಿಜ ಹೇಳಿದೆ ಅಂದರೆ ಮುಗಿಯಿತೇ?

'ನಾನೇನು ಸುಳ್ಳು ಹೇಳಿದೆನಾ? ಇದ್ದದ್ದನ್ನೇ ತಾನೇ ಹೇಳಿದ್ದು!' ಯಾರ ಬಗ್ಗೆಯೋ ನಾಲ್ಕು ಮಾತಾಡಿ ಸಿಕ್ಕಿಬಿದ್ದಾಗ ನಮ್ಮೆಲ್ಲರ ಬಾಯಲ್ಲಿ ಮೊದಲು ಬರುವ ನೆಪ ಇದು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯೂ ಜೊತೆಗಿರುತ್ತದೆ. ಯಹೂದಿ ಧರ್ಮಶಾಸ್ತ್ರದ ಮುಂದೆ ಈ ನೆಪ ನಡೆಯುವುದಿಲ್ಲ. ನಿಜವನ್ನೇ ಹೇಳಿ ಒಬ್ಬರ ಮಾನವನ್ನೋ ಅನ್ನವನ್ನೋ ಕಳೆಯುವುದು ಅಲ್ಲಿ 'ಲಶೋನ್ ಹರಾ' ಎಂಬ ದೋಷ. ಸುಳ್ಳು ಹೊರಿಸಿದರಂತೂ ಅದಕ್ಕಿಂತ ದೊಡ್ಡ ತಪ್ಪು, ಅದಕ್ಕೆ ಹೆಸರೇ ಬೇರೆ.

1873ರಲ್ಲಿ ಈ ಒಂದೇ ವಿಷಯದ ಮೇಲೆ ಒಂದು ಶಾಸ್ತ್ರಗ್ರಂಥ ಹೊರಬಂತು: 'ಹಫೇತ್ಸ್ ಹಯೀಮ್'. ಬರೆದವರು ಇಂದಿನ ಬೆಲಾರೂಸ್‌ನಲ್ಲಿರುವ ರಾದಿನ್ ಎಂಬ ಪುಟ್ಟ ಊರಿನ ರಬ್ಬಿ ಇಸ್ರಾಯೇಲ್ ಮೆಯೀರ್ ಕಾಗನ್. ಅದರ ಮೇಲೆ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಜನ ಕೊನೆಗೆ ಗ್ರಂಥದ ಹೆಸರಿನಿಂದಲೇ ಅವರನ್ನು ಕರೆದರು. ಮನೆ ನಡೆಯುತ್ತಿದ್ದದ್ದು ಹೆಂಡತಿ ನೋಡಿಕೊಳ್ಳುತ್ತಿದ್ದ ಕಿರಾಣಿ ಅಂಗಡಿಯಿಂದ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. 'ಅವನಿಗೆ ಸಾಲ ಜಾಸ್ತಿಯಾಗಿದೆಯಂತೆ' ಎಂದು ಯಾರೋ ಅಂದರೆ ಸಾಕು, ಮರುದಿನದಿಂದ ಅಂಗಡಿಗೆ ಉದ್ದರಿ ಮಾಲು ಬರುವುದಿಲ್ಲ. 'ಆ ಹುಡುಗಿಗೆ ಆಗಾಗ ಹುಷಾರಿರುವುದಿಲ್ಲ' ಅಂದರೆ ಕೂಡಿಬಂದ ಸಂಬಂಧ ಮುರಿಯುತ್ತದೆ. ಹಾಗಾಗಿ ಕಾಗನ್ ಅವರು 'ಒಳ್ಳೆಯ ಮಾತಾಡಿ' ಎಂದು ಉಪದೇಶಿಸಿ ಸುಮ್ಮನಾಗಲಿಲ್ಲ. ಹೆಸರೆತ್ತದೆ ಸೂಚಿಸಿದರೆ? ಬಾಯಿಬಿಡದೆ ಸನ್ನೆ ಮಾಡಿದರೆ? ಬರೆದು ತೋರಿಸಿದರೆ? ತಮಾಷೆಗೆ ಅಂದರೆ? ಆಗದವರ ಎದುರು ಬೇಕೆಂದೇ ಹೊಗಳಿದರೆ? ಒಂದೊಂದನ್ನೂ ಎತ್ತಿಕೊಂಡು ಕೂದಲು ಸೀಳುವಂತೆ ತೀರ್ಮಾನ ಬರೆದರು. ಯಾವುದಕ್ಕೂ ಸಲೀಸಾಗಿ ವಿನಾಯಿತಿ ಸಿಗಲಿಲ್ಲ.

ಇದಕ್ಕೆ ಬಹಳ ಹಿಂದೆಯೇ ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್‌ನ ಪಂಡಿತರು ಇಂಥ ಮಾತು ಮೂವರನ್ನು ಕೊಲ್ಲುತ್ತದೆ ಎಂದಿದ್ದರು: ಆಡಿದವನನ್ನು, ಕೇಳಿದವನನ್ನು, ಯಾರ ಬಗ್ಗೆ ಆಡಿದರೋ ಅವನನ್ನು. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಡಿದವನಿಗಿಂತ ಕೇಳಿದವನಿಗೇ ಹೆಚ್ಚು ಹಾನಿ ಎಂದ. ಫಾರ್ವರ್ಡ್ ಆಗಿ ಬಂದದ್ದನ್ನು ಓದಿ 'ನಾನೇನೂ ಕಳಿಸಲಿಲ್ಲವಲ್ಲ' ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ತಾಲ್ಮುದ್‌ನಲ್ಲೇ ಒಂದು ಕಥೆಯಿದೆ. ಜೆರುಸಲೇಮಿನ ಒಬ್ಬಾತ ತನ್ನ ಗೆಳೆಯ ಕಾಮ್ತ್ಸಾನನ್ನು ಊಟಕ್ಕೆ ಕರೆಯಲು ಆಳನ್ನು ಕಳಿಸಿದ. ಆಳು ತಪ್ಪಿ ಯಜಮಾನನ ವೈರಿ ಬಾರ್ ಕಾಮ್ತ್ಸಾನಿಗೆ ಹೇಳಿಬಂದ. ಪಂಕ್ತಿಯಲ್ಲಿ ವೈರಿಯನ್ನು ಕಂಡದ್ದೇ ತಡ, 'ಏಳು ಮೇಲೆ' ಎಂದ ಮನೆಯ ಯಜಮಾನ. ಬಂದವನು ಬೇಡಿಕೊಂಡ: ನನ್ನ ಊಟದ ದುಡ್ಡು ಕೊಡುತ್ತೇನೆ, ಮರ್ಯಾದೆ ಕಳೆಯಬೇಡ. ಊಹೂಂ. ಅರ್ಧ ಔತಣದ ಖರ್ಚು ಕೊಡುತ್ತೇನೆ. ಊಹೂಂ. ಪೂರ್ತಿ ಔತಣದ್ದೇ ಕೊಡುತ್ತೇನೆ. ಯಜಮಾನ ಕೈಹಿಡಿದು ಎಳೆದು ಹೊರಗೆ ಹಾಕಿದ. ಅಲ್ಲೇ ಕೂತಿದ್ದ ಪಂಡಿತರು ತುಟಿಪಿಟಿಕ್ಕೆನ್ನಲಿಲ್ಲ. ಬಾರ್ ಕಾಮ್ತ್ಸಾನಿಗೆ ಹೆಚ್ಚು ಚುಚ್ಚಿದ್ದು ಆ ಮೌನ. ಅವನು ನೇರ ರೋಮ್‌ನ ದೊರೆಯ ಬಳಿ ಹೋಗಿ, ಯಹೂದಿಗಳು ನಿಮ್ಮ ಮೇಲೆ ದಂಗೆ ಎದ್ದಿದ್ದಾರೆ ಎಂದು ಚಾಡಿ ಹೇಳಿದ. ರೋಮ್ ಯುದ್ಧಕ್ಕೆ ಬಂತು, ಕ್ರಿ.ಶ. 70ರಲ್ಲಿ ಜೆರುಸಲೇಮಿನ ಯಹೂದಿ ದೇವಾಲಯ ಸುಟ್ಟುಹೋಯಿತು. ಆ ಯುದ್ಧಕ್ಕೆ ತೆರಿಗೆ, ಅಧಿಕಾರ, ಬಂಡಾಯ ಎಂದು ಇತಿಹಾಸಕಾರರು ಹತ್ತು ಕಾರಣ ಕೊಟ್ಟಾರು. ತನ್ನ ಜನ ಕಂಡ ಅತಿ ದೊಡ್ಡ ದುರಂತವನ್ನು ವಿವರಿಸಲು ಹೊರಟ ತಾಲ್ಮುದ್ ಮಾತ್ರ ಒಂದು ಊಟದ ಪಂಕ್ತಿಯತ್ತ, ಬಾಯಿಬಿಡದೆ ಕೂತ ತನ್ನದೇ ಪಂಡಿತರತ್ತ ಬೆರಳು ಮಾಡುತ್ತದೆ. ಅಂಥ ಧೈರ್ಯ ನನಗೆ ಅಪರೂಪವೆನಿಸುತ್ತದೆ.

ಹಾಗೆಂದು ಬಾಯಿಗೆ ಬೀಗ ಹಾಕಿಕೊಳ್ಳಿ ಎಂದು ಯಾರಾದರೂ ನಿಮಗೆ ಹೇಳಿದರೆ ಒಪ್ಪಬೇಡಿ. ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಚಾಡಿ ಹೇಳುತ್ತಾ ತಿರುಗಬೇಡ ಎನ್ನುವ ವಚನವೇ, ನೆರೆಯವನ ಜೀವಕ್ಕೆ ಅಪಾಯ ಬಂದಾಗ ನೋಡುತ್ತಾ ನಿಲ್ಲಬೇಡ ಎಂದೂ ಆಜ್ಞಾಪಿಸುತ್ತದೆ. ವ್ಯಾಪಾರದಲ್ಲಿ ಮೋಸಗಾರನ ಜೊತೆ ಕೈಜೋಡಿಸಲು ಹೊರಟವನಿಗೆ ಎಚ್ಚರಿಕೆ ಹೇಳಲೇಬೇಕು. ಕಾಗನ್ ಅದಕ್ಕೂ ನಿಯಮ ಬರೆದರು: ಗಾಳಿಸುದ್ದಿ ನಂಬಬೇಡ, ಉಪ್ಪುಖಾರ ಹಚ್ಚಬೇಡ, ಹಳೆಯ ಸೇಡು ತೀರಿಸಿಕೊಳ್ಳಬೇಡ, ಸಾಧ್ಯವಿದ್ದರೆ ಮೊದಲು ಅವನಿಗೇ ಹೇಳಿ ನೋಡು. ದೌರ್ಜನ್ಯಕ್ಕೆ ಒಳಗಾದವರ ಬಾಯಿ ಮುಚ್ಚಿಸಲು ಲಶೋನ್ ಹರಾ ಹೆಸರನ್ನು ಬಳಸಿದ್ದೂ ಉಂಟು. ಅದರ ವಿರುದ್ಧ ಯಹೂದಿ ಸಮುದಾಯದ ಒಳಗಿನಿಂದಲೇ ದನಿ ಎದ್ದಿದೆ. ಮರ್ಯಾದೆಯ ಹೆಸರಿನಲ್ಲಿ ಅಪರಾಧಿಯನ್ನು ಕಾಪಾಡುವ ಚಾಳಿ ಯಾವ ಸಮಾಜಕ್ಕೂ ಹೊಸದಲ್ಲ. ಹೊಡೆತ ತಿಂದವಳು ಮಾತಾಡಲಿ, ನೀವು ಅವಳ ಪಕ್ಕ ನಿಲ್ಲಿ.

ಇವತ್ತೇ ಶುರು ಮಾಡಿ. ಸಂಜೆ ಹೊತ್ತಿಗೆ ಕಾಲೇಜಿನ ಗ್ರೂಪಿಗೆ ಯಾರದೋ ಖಾಸಗಿ ಮಾತಿನ ಸ್ಕ್ರೀನ್‌ಶಾಟ್ ಬರುತ್ತದೆ, ಕೆಳಗೆ ನಗುವ ಇಮೋಜಿಗಳು ಸಾಲುಗಟ್ಟುತ್ತವೆ. ಅದು ನೂರಕ್ಕೆ ನೂರು ನಿಜವೇ ಇರಲಿ. 'ಇದನ್ನು ತೆಗಿ ಮಾರಾಯ' ಎಂದು ಮೊದಲು ಬರೆಯುವವರು ನೀವಾಗಿ. ಆಮೇಲೆ ಆ ಹುಡುಗಿಗೋ ಹುಡುಗನಿಗೋ ಒಂದು ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ. ಗ್ರೂಪಿನಿಂದ ನಿಮ್ಮನ್ನೇ ತೆಗೆದರೆ ತೆಗೆಯಲಿ ಬಿಡಿ, ಅಂಥ ಕಡೆ ಇದ್ದು ಆಗಬೇಕಾದ್ದೇನಿದೆ?