ಬ್ಯಾಟರಿಯ ರೋಗ, ಬ್ಯಾಟರಿಯ ಆರೈಕೆ

(ಮೈಸೂರು ನಗರದಲ್ಲಿ ಸುತ್ತಲಿನ ಹಳ್ಳಿಗಳ ರೈತರ ಮುಂದೆ ಮಾಡಿದ ಭಾಷಣ)



ನಿಮ್ಮ ಕೊಟ್ಟಿಗೆಯಲ್ಲಿ ಎಷ್ಟು ರಾಸುಗಳಿವೆ ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಯಾವುದು ಮೇವು ಬಿಟ್ಟಿದೆ, ಯಾವುದು ಕುಂಟುತ್ತಿದೆ ಎಂಬುದೂ ನಿಮಗೆ ಗೊತ್ತು. ಆದರೆ ಮನೆಯಲ್ಲಿ ಎಷ್ಟು ಬ್ಯಾಟರಿಗಳಿವೆ ಎಂದು ಕೇಳಿದರೆ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಟ್ರಾಕ್ಟರಿನಲ್ಲಿ ಒಂದು, ಮೋಟಾರ್ ಸೈಕಲ್ಲಿನಲ್ಲಿ ಒಂದು, ಔಷಧಿ ಹೊಡೆಯುವ ಸ್ಪ್ರೇಯರಿನಲ್ಲಿ ಒಂದು, ಯು.ಪಿ.ಎಸ್.ಗೆ ಒಂದು, ಪ್ರತಿಯೊಬ್ಬರ ಮೊಬೈಲಿನಲ್ಲಿ ಒಂದೊಂದು. ಟಾರ್ಚು, ಗೋಡೆ ಗಡಿಯಾರ, ಟಿ.ವಿ. ರಿಮೋಟು, ಮಕ್ಕಳ ಆಟದ ಸಾಮಾನು, ಇವುಗಳಲ್ಲಿ ಇನ್ನಷ್ಟು. ಎಣಿಸುತ್ತಾ ಹೋದರೆ ರಾಸುಗಳಿಗಿಂತ ಬ್ಯಾಟರಿಗಳೇ ಹೆಚ್ಚಾದಾವು. ಆದರೆ ರಾಸುಗಳನ್ನು ನೋಡಿಕೊಂಡಂತೆ ಇವುಗಳನ್ನು ಯಾರೂ ನೋಡಿಕೊಳ್ಳುವುದಿಲ್ಲ. ಆ ವಿಷಯವಾಗಿ ನಾಲ್ಕು ಮಾತು ಹೇಳಲು ಬಂದಿದ್ದೇನೆ.

ಹಳ್ಳಿಗೂ ಬ್ಯಾಟರಿಗೂ ನಂಟು ಹೊಸದಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ಹಳ್ಳಿಗಳಿಗೆ ರೇಡಿಯೋ ಬಂದಾಗ, ವಿದ್ಯುಚ್ಛಕ್ತಿ ಇಲ್ಲದ ಕಡೆ ಅದಕ್ಕೆ ಮಾತು ಕೊಟ್ಟದ್ದು ಬ್ಯಾಟರಿ. ಬ್ಯಾಟರಿ ಮುಗಿದರೆ ಇಡೀ ಊರಿನ ರೇಡಿಯೋ ಮೂಕವಾಗುತ್ತಿತ್ತು. ಈಗ ಕರೆಂಟು ಬಂದಿದೆ. ಆದರೂ ಬಿತ್ತನೆಯ ಹದದ ದಿನ ಟ್ರಾಕ್ಟರ್ ಏಳದಿದ್ದರೆ, ರಾತ್ರಿ ಹೊತ್ತಿನಲ್ಲಿ ಹಾವು ಕಚ್ಚಿದಾಗ ಮೊಬೈಲು ಸತ್ತಿದ್ದರೆ, ನಾವು ಇಂದಿಗೂ ಆ ಮೂಕ ರೇಡಿಯೋದ ಮುಂದೆ ಕುಳಿತವರಂತೆಯೇ ಆಗುತ್ತೇವೆ.

ವಾಹನಗಳ ವಿದ್ಯುತ್ ಕೆಲಸದಲ್ಲಿ ನಾನು ಬಹಳ ವರ್ಷ ಕಳೆದವನು. ಒಂದು ಸುಗ್ಗಿಯಲ್ಲಿ ನಂಜನಗೂಡು ಕಡೆಯ ರೈತರೊಬ್ಬರು ಟ್ರಾಕ್ಟರಿನ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದರು. “ಸ್ವಾಮಿ, ಇದು ಸತ್ತುಹೋಗಿದೆ. ಹಳೆಯದನ್ನು ಇಟ್ಟುಕೊಂಡು ಹೊಸದು ಕೊಡಿಸಿ” ಎಂದರು. ಪರೀಕ್ಷಿಸಿ ನೋಡಿದರೆ ಬ್ಯಾಟರಿ ಗಟ್ಟಿಮುಟ್ಟಾಗಿತ್ತು. “ಯಜಮಾನರೇ, ಇದಕ್ಕೇನೂ ಆಗಿಲ್ಲ. ತಂತಿಯ ಹಿಡಿಗಳಲ್ಲಿ ಕಿಲುಬು ಇದೆಯೇ?” ಎಂದು ಕೇಳಿದೆ. “ಬೂದಿ ಹಿಡಿದ ಹಾಗೆ ಇದೆ” ಎಂದರು. ಊರಿಗೆ ಹೋಗಿ ಅದನ್ನು ತೊಳೆದು, ಉಜ್ಜಿ, ಬಿಗಿಯಾಗಿ ಕೂಡಿಸಿದರು. ಟ್ರಾಕ್ಟರ್ ಮೊದಲ ಸಲಕ್ಕೇ ಎದ್ದಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇದೆಯಲ್ಲ, ಬ್ಯಾಟರಿಯ ವಿಷಯದಲ್ಲಿ ನಾವು ಮಾಡುವುದು ಅದನ್ನೇ. ಹಲವು ಸಾವಿರ ರೂಪಾಯಿ ಕೊಡುವ ಮುನ್ನ ರೋಗ ಎಲ್ಲಿದೆ ಎಂದು ನೋಡಬೇಕು.

ಅದನ್ನು ನೋಡುವುದು ಕಷ್ಟವಲ್ಲ. ದೀಪ ಹಾಕಿ ಸೆಲ್ಫ್ ಒತ್ತಿರಿ. ದೀಪ ತೀರ ಮಂಕಾಗಿ ‘ಟಕ್ ಟಕ್’ ಎಂದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಇಲ್ಲವೇ ತಂತಿಯ ಕೂಡಿಕೆ ಸಡಿಲವಾಗಿದೆ. ದೀಪ ಹಾಗೆಯೇ ಉರಿಯುತ್ತಾ ಸೆಲ್ಫ್ ಮಾತ್ರ ಅಲುಗದಿದ್ದರೆ ದೋಷ ಬಹುಶಃ ಬೇರೆ ಕಡೆ ಇದೆ. ಸ್ವಲ್ಪ ಹೊತ್ತು ಸೆಲ್ಫ್ ಒತ್ತಿದ ಮೇಲೆ ತಂತಿಯ ಹಿಡಿ ಬಿಸಿಯಾಗಿದ್ದರೆ ಕೂಡಿಕೆ ಕೆಟ್ಟಿದೆ ಎಂದೇ ಅರ್ಥ. ಮೀಟರ್ ಇದ್ದವರು ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಅಳೆಯಿರಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ತೋರಿಸುತ್ತದೆ, 12.2 ತೋರಿಸಿದರೆ ಅರ್ಧ ಖಾಲಿ, 11.8ಕ್ಕೆ ಇಳಿದರೆ ಹೊಟ್ಟೆ ಪೂರ್ತಿ ಬರಿದು. ಎಂಜಿನ್ ನಡೆಯುವಾಗ 13.8ರಿಂದ 14.4ರ ವರೆಗೆ ಇರಬೇಕು. ಅಷ್ಟು ಬಾರದಿದ್ದರೆ ಬ್ಯಾಟರಿಯನ್ನು ಬೈದು ಫಲವಿಲ್ಲ. ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ಡೈನಮೊ ಕೆಟ್ಟಿರಬಹುದು. ಮೇವು ಹಾಕದೆ ಹಾಲು ಕರೆಯಲು ಕುಳಿತಂತೆ ಅದು.

ಕಿಲುಬು ತೆಗೆಯುವ ಕ್ರಮ ಹೀಗೆ. ಮೊದಲು ಋಣ, ಅಂದರೆ ಮೈನಸ್ ತಂತಿಯನ್ನು ಬಿಚ್ಚಿರಿ. ಕೂಡಿಸುವಾಗ ಅದನ್ನೇ ಕೊನೆಗೆ ಕೂಡಿಸಿರಿ. ಸ್ಪ್ಯಾನರ್ ಜಾರಿ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ಕಿಡಿ ಹಾರದಿರಲೆಂದು ಈ ನಿಯಮ. ಬೆಚ್ಚನೆಯ ನೀರಿಗೆ ಅಡಿಗೆ ಸೋಡ ಕಲಸಿ ಹಳೆಯ ಬ್ರಷ್ಷಿನಿಂದ ಉಜ್ಜಿರಿ. ಸೋಡದ ನೀರು ಬ್ಯಾಟರಿಯ ಬಿರಡೆಯೊಳಗೆ ಹೋಗಕೂಡದು. ಒಣಗಿಸಿ, ಬಿಗಿಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿರಿ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಜಲಜನಕ ಒಂದು ಕಿಡಿಗೆ ಸಿಡಿಯುತ್ತದೆ. ಆಸಿಡ್ ಕಣ್ಣಿಗೆ ಸಿಡಿದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಶುದ್ಧ ನೀರಿನಿಂದ ತೊಳೆಯುತ್ತಲೇ ಇರಬೇಕು; ಆಮೇಲೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಗಾಡಿಯ ಬ್ಯಾಟರಿಯೊಳಗೆ ಇರುವುದು ಸೀಸದ ಹಲಗೆಗಳು ಮತ್ತು ಗಂಧಕಾಮ್ಲ. ಫ್ರಾನ್ಸಿನ ಪ್ಲಾಂಟೆ ಎಂಬ ವಿಜ್ಞಾನಿ 1859ರಲ್ಲಿ ಕಂಡುಹಿಡಿದ ವಿಧಾನವೇ ಇಂದಿಗೂ ನಡೆದಿದೆ. ಇದರ ಗುಣ ಒಂದೇ: ಇದಕ್ಕೆ ಉಪವಾಸ ಆಗದು. ಶಕ್ತಿ ಮುಗಿದ ಮೇಲೆ ಹಾಗೆಯೇ ಬಿಟ್ಟರೆ ಹಲಗೆಗಳ ಮೇಲೆ ಬಿಳಿಯ ಹೊಪ್ಪಳೆ ಗಟ್ಟಿಯಾಗಿ ಕೂರುತ್ತದೆ. ಅದು ಒಮ್ಮೆ ಬಲಿತರೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಎರಡು ಮೂರು ತಿಂಗಳು ಟ್ರಾಕ್ಟರನ್ನು ಚಪ್ಪರದ ಕೆಳಗೆ ನಿಲ್ಲಿಸುತ್ತೀರಿ. ಬ್ಯಾಟರಿ ಸುಮ್ಮನೆ ಇದ್ದರೂ ದಿನದಿನಕ್ಕೆ ಸೋರಗುತ್ತದೆ. ಮುಂಗಾರಿಗೆ ಅದು ಏಳದಿರುವುದು ಈ ಕಾರಣದಿಂದ. ತಿಂಗಳಿಗೊಮ್ಮೆಯಾದರೂ ಅದನ್ನು ಚಾರ್ಜ್ ಮಾಡಿಸಿ ಇಡಿರಿ. ಇಡುವಾಗ ಮೈನಸ್ ತಂತಿಯನ್ನು ಬಿಚ್ಚಿಡಿರಿ. ಯು.ಪಿ.ಎಸ್. ಬ್ಯಾಟರಿಗೂ, ಬಹಳಷ್ಟು ಬ್ಯಾಟರಿ ಸ್ಪ್ರೇಯರುಗಳಿಗೂ ಇದೇ ಮಾತು ಸಲ್ಲುತ್ತದೆ. ಔಷಧಿ ಹೊಡೆದು ಖಾಲಿಯಾದ ಸ್ಪ್ರೇಯರನ್ನು ಮುಂದಿನ ಬೆಳೆಯವರೆಗೆ ಅಟ್ಟಕ್ಕೆ ಹಾಕಿದರೆ, ಇಳಿಸಿದಾಗ ಬ್ಯಾಟರಿ ಇರುವುದಿಲ್ಲ, ಹೆಣ ಇರುತ್ತದೆ.

ಬಿರಡೆ ಇರುವ ಬ್ಯಾಟರಿಗಳಲ್ಲಿ ನೀರು ಬತ್ತುತ್ತದೆ. ಹಲಗೆಗಳು ಮುಳುಗಿರುವಂತೆ ಗುರುತಿನವರೆಗೆ ನೀರು ಹಾಕಬೇಕು. ಯಾವ ನೀರು? ಬಟ್ಟಿ ಇಳಿಸಿದ ನೀರು, ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಎಂದು ಸಿಕ್ಕುವುದು. ಬೋರ್‌ವೆಲ್ಲಿನ ನೀರಿನಲ್ಲಿರುವ ಉಪ್ಪು, ಕಬ್ಬಿಣದ ಅಂಶ ಹಲಗೆಗಳನ್ನು ತಿನ್ನುತ್ತದೆ. ಕುಡಿಯಲು ಒಳ್ಳೆಯ ನೀರೆಲ್ಲ ಬ್ಯಾಟರಿಗೆ ಒಳ್ಳೆಯದಲ್ಲ. ಬತ್ತುವುದು ನೀರು ಮಾತ್ರ; ಆದ್ದರಿಂದ ಶಕ್ತಿ ಬರಲೆಂದು ಆಸಿಡ್ ಸುರಿಯಕೂಡದು.

ಇನ್ನು ಟಾರ್ಚಿನ ಸೆಲ್ಲು. ಇದರ ಸ್ವಭಾವ ಬೇರೆ. ಸಾಧಾರಣ ಸೆಲ್ಲಿನಲ್ಲಿ ಸತುವಿನ ಡಬ್ಬಿಯೇ ಪಾತ್ರೆ, ಆ ಸತುವೇ ಸೌದೆ. ಉರಿಯುತ್ತಾ ಉರಿಯುತ್ತಾ ಪಾತ್ರೆಯೇ ತೂತಾಗುತ್ತದೆ. ಮುಗಿದ ಸೆಲ್ಲು ಟಾರ್ಚಿನೊಳಗೇ ಉಳಿದು ರಸ ಸೋರಿ, ಸ್ಪ್ರಿಂಗನ್ನೂ ಟಾರ್ಚನ್ನೂ ಕೆಡಿಸುವುದು ಹೀಗೆಯೇ. ನಮ್ಮಲ್ಲಿ ಮುಗಿದ ಸೆಲ್ಲನ್ನು ಬಿಸಿಲಿಗಿಡುವ ರೂಢಿ ಇದೆ. ಬಿಸಿಗೆ ಉಳಿದ ಚೂರುಪಾರು ಶಕ್ತಿ ಹೊರಬಂದು ಕೊಂಚ ಹೊತ್ತು ಬೆಳಕು ಬರುತ್ತದೆ. ಹೊಸ ಶಕ್ತಿ ಏನೂ ಸೇರುವುದಿಲ್ಲ, ಸೋರುವುದು ಮಾತ್ರ ಬೇಗನಾಗುತ್ತದೆ. ಹಳೆಯ ಸೆಲ್ಲಿನ ಜತೆ ಹೊಸದನ್ನು ಸೇರಿಸಬೇಡಿರಿ. ಹೊಸದರ ದುಡಿಮೆಯನ್ನು ಹಳೆಯದು ಹಾಳುಮಾಡುತ್ತದೆ. ಬೆಂಕಿಗೂ ಹಾಕಬೇಡಿರಿ, ಸಿಡಿಯುತ್ತದೆ.

ತಾಯಂದಿರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಕೆಲವು ಆಟದ ಸಾಮಾನು, ರಿಮೋಟು, ಕೈಗಡಿಯಾರಗಳಲ್ಲಿ ಗುಂಡಿಯಂತಹ ಚಿಕ್ಕ ಸೆಲ್ಲು ಇರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನಮ್ಮ ಕಡೆಯ ಅಜ್ಜ ಅಜ್ಜಿಯರು ಕಿವಿಯ ತೊಂದರೆಗೆಂದು ಹೋಗುತ್ತಾರೆ. ಕಿವಿಗೆ ಹಾಕುವ ಅನೇಕ ಯಂತ್ರಗಳಲ್ಲಿಯೂ ಇಂತಹ ಗುಂಡಿ ಸೆಲ್ಲೇ ಇರುತ್ತದೆ. ಅದು ಗಾಳಿಯಿಂದ ಕೆಲಸಮಾಡುವಂಥದು. ಮೇಲಿನ ಕಾಗದ ಕಿತ್ತೊಡನೆ ಅದರ ಆಯುಸ್ಸು ಸವೆಯತೊಡಗುತ್ತದೆ. ಆದ್ದರಿಂದ ಬೇಕಾದಾಗ ಮಾತ್ರ ಕೀಳಿರಿ. ಆದರೆ ಯಾವ ಗುಂಡಿ ಸೆಲ್ಲನ್ನೂ ಮಕ್ಕಳ ಕೈಗೆ ಸಿಗುವಂತೆ ಇಡಬೇಡಿರಿ. ಮಗು ನುಂಗಿ ಅದು ಗಂಟಲಿನ ಕೆಳಗೆ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ‘ಬೆಳಗ್ಗೆ ನೋಡೋಣ’ ಎನ್ನದೆ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಓಡಬೇಕು.

ಮೂರನೆಯದು ಮೊಬೈಲು ಮತ್ತು ವಿದ್ಯುತ್ ಸ್ಕೂಟರುಗಳ ಲಿಥಿಯಂ ಬ್ಯಾಟರಿ. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಬಂತು. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ 1600 ಟನ್ ಲಿಥಿಯಂ ನಿಕ್ಷೇಪವಿದೆಯೆಂದು ಸರ್ಕಾರದ ಅನ್ವೇಷಣೆ ತಿಳಿಸಿದೆ. ಹಗುರ, ಬಲ ಹೆಚ್ಚು, ಆದರೆ ಮುಂಗೋಪಿ. ಇದರ ಮೊದಲ ಶತ್ರು ಬಿಸಿ. ಟ್ರಾಕ್ಟರಿನ ಮೇಲೆ ಬಿಸಿಲಿನಲ್ಲಿ ಮೊಬೈಲು ಇಡುವುದು, ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದು, ಎರಡೂ ಅದರ ಆಯುಸ್ಸನ್ನು ತಿನ್ನುತ್ತವೆ. ಪೂರ್ತಿ ಖಾಲಿಮಾಡಿ ದಿನಗಟ್ಟಲೆ ಬಿಡಬಾರದು. ಬಹಳ ದಿನ ಇಡುವುದಾದರೆ ಅರ್ಧ ತುಂಬಿಸಿ ಇಡುವುದು ಲೇಸು. ಸೀಸದ ಬ್ಯಾಟರಿ ತುಂಬಿದ ಹೊಟ್ಟೆಯಲ್ಲಿ ಇರಬೇಕು, ಇದು ಅರೆಹೊಟ್ಟೆಯಲ್ಲಿ. ಅದರ ಚಾರ್ಜರ್ ಇದಕ್ಕೆ ಹಾಕಕೂಡದು. ಎತ್ತಿನ ಮದ್ದು ಕೋಳಿಗೆ ಸಲ್ಲುವುದೇ?

ಮೊಬೈಲಿನ ಬೆನ್ನು ಉಬ್ಬಿದ್ದರೆ ಒಳಗೆ ಅನಿಲ ತುಂಬಿದೆ ಎಂದು ತಿಳಿಯಿರಿ. ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜ್‌ಗೆ ಹಾಕುವುದು, ಯಾವುದೂ ಕೂಡದು. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದು ಪ್ರಾಣಹಾನಿಯೂ ಆಯಿತು. ಅದೇ ವರ್ಷ ಸರ್ಕಾರ ಅವುಗಳ ಬ್ಯಾಟರಿಗೆ ಪರೀಕ್ಷೆಯ ನಿಯಮಗಳನ್ನು ಬಿಗಿಮಾಡಿತು. ನಾವೂ ಬಿಗಿಯಾಗಿರಬೇಕು: ಅದರದೇ ಚಾರ್ಜರ್ ಬಳಸುವುದು, ಓಡಿಸಿ ಬಂದೊಡನೆ ಬಿಸಿಯಿರುವಾಗ ಹಾಕದೆ ತಣಿದ ಮೇಲೆ ಹಾಕುವುದು, ಮಲಗುವ ಕೋಣೆಯಲ್ಲಿ, ಬಾಗಿಲಿಗೆ ಅಡ್ಡವಾಗಿ, ಹುಲ್ಲಿನ ಬಣವೆಯ ಪಕ್ಕದಲ್ಲಿ ಚಾರ್ಜ್ ಮಾಡದಿರುವುದು. ಹೊಗೆ ಕಂಡರೆ ಬ್ಯಾಟರಿಯನ್ನು ಉಳಿಸಲು ಹೋಗದೆ ಜನರನ್ನು ಹೊರಗೆ ಕರೆತಂದು 112ಕ್ಕೆ ಕರೆಮಾಡಿರಿ.

ಕೊನೆಯದಾಗಿ, ನಿಜವಾಗಿಯೂ ಸತ್ತ ಬ್ಯಾಟರಿಯ ಮಾತು. ಹೊಳೆ ದಂಡೆಯ ಊರುಗಳಲ್ಲಿ ಬಲೆಗೆ ಗುಂಡು ಕಟ್ಟಲೆಂದು ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವುದುಂಟು. ಇದು ಮಹಾ ಅಪಾಯದ ಕೆಲಸ. ಆ ಹೊಗೆ ಮತ್ತು ಧೂಳು ಅಂಗಳದ ಮಣ್ಣಿನಲ್ಲಿ ಉಳಿಯುತ್ತದೆ. ಅಲ್ಲಿ ಆಡುವ ಮಕ್ಕಳ ಮೈ ಸೇರಿದ ಸೀಸ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ; ಮಗು ಓದಿನಲ್ಲಿ ಹಿಂದೆ ಬೀಳುತ್ತದೆ. ಕಾರಣ ಮಾತ್ರ ಯಾರಿಗೂ ಕಾಣುವುದಿಲ್ಲ. ಸುರಿದ ಆಸಿಡ್ ಬಾವಿಯ ನೀರನ್ನೂ ಹೊಲದ ಮಣ್ಣನ್ನೂ ಕೆಡಿಸುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದ ಜತೆ ಬೆರಸದೆ, ಸಂಗ್ರಹಿಸುವವರಿಗೆ ತಲುಪಿಸುವುದು ಬಳಸಿದವರ ಕರ್ತವ್ಯ. ಇದರಲ್ಲಿ ನಷ್ಟವೂ ಇಲ್ಲ. ಸೀಸದ ಬ್ಯಾಟರಿಯನ್ನು ಅಂಗಡಿಗೆ ಒಯ್ದರೆ ಹೊಸದರ ಬೆಲೆಯಲ್ಲಿ ಅದರ ಬೆಲೆ ಕಳೆದುಕೊಳ್ಳುತ್ತಾರೆ.

ಬಂಧುಗಳೇ, ಇವತ್ತು ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿರಿ. ಟ್ರಾಕ್ಟರಿನ ಬ್ಯಾಟರಿಯ ಹಿಡಿಗಳನ್ನು ನೋಡಿರಿ. ಅಟ್ಟದ ಮೇಲಿನ ಸ್ಪ್ರೇಯರನ್ನು ಇಳಿಸಿ ಚಾರ್ಜ್‌ಗೆ ಹಾಕಿರಿ. ಕೆಟ್ಟುಹೋದ ಆಟದ ಸಾಮಾನುಗಳಲ್ಲಿ ಗುಂಡಿ ಸೆಲ್ಲು ಉಳಿದಿದೆಯೇ ಎಂದು ಹುಡುಕಿ, ಸಿಕ್ಕರೆ ತೆಗೆದು ಮಕ್ಕಳಿಗೆ ಎಟುಕದ ಕಡೆ ಇಡಿರಿ. ಮೂರಕ್ಕೂ ಸೇರಿ ಅರ್ಧ ಗಂಟೆಯೂ ಹಿಡಿಯದು. ಸಂಜೆ ಕೊಟ್ಟಿಗೆಗೆ ಹೋಗಿ ರಾಸುಗಳ ಮೈದಡವಿ ಬರುತ್ತೀರಲ್ಲ, ತಿಂಗಳಿಗೊಮ್ಮೆ ಇವುಗಳ ಕಡೆಗೂ ಒಂದು ಸುತ್ತು ಹೋಗಿಬನ್ನಿ.