ಕೈಮಾತನ್ನು ಓದುವ ಯಂತ್ರ

(ನಮ್ಮ ಚೆನ್ನೈ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನುಡಿಹಬ್ಬದ ಈ ದಿನ, ನಾಲಗೆಯಿಂದಲ್ಲದೆ ಕೈಯಿಂದ ಆಡುವ ನುಡಿಯೊಂದರ ವಿಚಾರವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಮೀರಿದ್ದರು. ಅವರಲ್ಲಿ ಅನೇಕರಿಗೆ ಕೈಯೇ ಮಾತು. ಈ ಕೈಮಾತನ್ನು ಯಂತ್ರವು ಓದಬಲ್ಲುದೇ? ಓದಬಲ್ಲುದು, ಆದರೆ ಎಷ್ಟರಮಟ್ಟಿಗೆ ಎಂಬುದೇ ಪ್ರಶ್ನೆ.

ಯಂತ್ರವು ಕೈಯನ್ನು ಅರಿಯಲು ಎರಡು ದಾರಿಗಳುಂಟು. ಮೊದಲನೆಯದು ಕೈಗವಸು. ಅದರ ಬೆರಳುಗಳಲ್ಲಿ ತೆಳುವಾದ ಸೆನ್ಸರ್ ಪಟ್ಟಿಗಳನ್ನು ಇರಿಸುತ್ತಾರೆ. ಬೆರಳು ಬಾಗಿದಂತೆ ಪಟ್ಟಿಯ ವಿದ್ಯುತ್ ನಿರೋಧವು ಬದಲಾಗಿ, ಎಷ್ಟು ಬಾಗಿತೆಂಬುದು ಅಂಕಿಯಾಗಿ ದೊರೆಯುತ್ತದೆ. ಕೈಯ ಚಲನೆಯನ್ನೂ ತಿರುವನ್ನೂ ಅಳೆಯಲು ಬೇರೆ ಸೆನ್ಸರುಗಳುಂಟು. ಎರಡನೆಯ ದಾರಿ ಕ್ಯಾಮೆರಾ. 2019ರಲ್ಲಿ ಗೂಗಲ್ ಸಂಸ್ಥೆಯವರು ಹೊರತಂದ ಕ್ರಮದಲ್ಲಿ, ಸಾಮಾನ್ಯ ಮೊಬೈಲಿನ ಕ್ಯಾಮೆರಾವೇ ಕೈಯ ಮೇಲೆ 21 ಬಿಂದುಗಳನ್ನು ಗುರುತಿಸುತ್ತದೆ; ಗವಸಿನ ಅಗತ್ಯವೇ ಇಲ್ಲ.

ಇಷ್ಟಾದರೂ ಯಂತ್ರದ ಮುಂದಿರುವುದು ಬರಿಯ ಅಂಕಿಗಳ ಸಾಲು. ಅರ್ಥವನ್ನು ಅದು ಕಲಿಯುವುದು ಹೇಗೆ? ಬ್ಯಾಂಕಿನಲ್ಲಿರುವ ನಾವು ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸುತ್ತೇವೆ. ಒಬ್ಬನೇ ಮನುಷ್ಯನ ಎರಡು ಸಹಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ. ಆದರೂ ಹತ್ತಾರು ಸಹಿ ನೋಡಿದ ಕಣ್ಣಿಗೆ ಅವನ ಬರಹದ ಜಾಡು ತಿಳಿಯುತ್ತದೆ. ಯಂತ್ರವೂ ಹಾಗೆಯೇ. ಒಂದೊಂದು ಸಂಜ್ಞೆಗೂ ಹಲವರ ಕೈಯ ಮಾದರಿಗಳನ್ನು ಕೊಟ್ಟರೆ, ಅವುಗಳಲ್ಲಿ ಸಮಾನವಾದುದನ್ನು ಅದು ಹಿಡಿಯುತ್ತದೆ. ಕೊಡದ ಮಾದರಿಯನ್ನು ಮಾತ್ರ ಅದು ಕಲಿಯಲಾರದು.

ತೊಡಕು ಇರುವುದು ಇಲ್ಲಿಯೇ. 2016ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಸಂಜ್ಞೆಯನ್ನು ಧ್ವನಿಯಾಗಿ ಮಾರ್ಪಡಿಸುವ ಗವಸನ್ನು ತಯಾರಿಸಿ 10,000 ಡಾಲರುಗಳ ಬಹುಮಾನ ಪಡೆದರು. ಪತ್ರಿಕೆಗಳು ಕೊಂಡಾಡಿದವು. ಆದರೆ ಕಿವುಡರೂ ಭಾಷಾತಜ್ಞರೂ ಇದನ್ನು ಒಪ್ಪಲಿಲ್ಲ. ಏಕೆಂದರೆ ಸಂಜ್ಞಾಭಾಷೆಯ ವ್ಯಾಕರಣವು ಬೆರಳುಗಳಲ್ಲಿ ಮಾತ್ರ ಇಲ್ಲ, ಮುಖದಲ್ಲಿಯೂ ಇದೆ. ಅಮೆರಿಕದ ಸಂಜ್ಞಾಭಾಷೆಯಲ್ಲಿ, ಹೌದು ಇಲ್ಲವೆಂಬ ಉತ್ತರ ಬೇಡುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ. ಗವಸಿಗೆ ಹುಬ್ಬು ಕಾಣದು. "ಹಣ ಬಂದಿದೆ" ಎಂಬುದಕ್ಕೂ "ಹಣ ಬಂದಿದೆಯೇ?" ಎಂಬುದಕ್ಕೂ ಇರುವ ಅಂತರವನ್ನು ಕೌಂಟರಿನಲ್ಲಿ ಕುಳಿತ ಯಾರನ್ನಾದರೂ ಕೇಳಿ ನೋಡಿ! ಅದೂ ಅಲ್ಲದೆ, ಗವಸನ್ನು ತೊಡುವ ಹೊರೆಯೆಲ್ಲ ಕಿವುಡನ ಮೇಲೆಯೇ. ಕಿವಿಯುಳ್ಳವನು ಏನನ್ನೂ ಕಲಿಯಬೇಕಾಗಿಲ್ಲ.

ಇನ್ನು ನಮ್ಮ ದೇಶದ ಸಂಗತಿ. ಭಾರತೀಯ ಸಂಜ್ಞಾಭಾಷೆಯು ಅಮೆರಿಕದ್ದಕ್ಕಿಂತ ಬೇರೆಯೇ ಆದ ಭಾಷೆ; ಅಲ್ಲಿ ಕಲಿತ ಯಂತ್ರ ಇಲ್ಲಿಗೆ ಒದಗದು. 2020ರಲ್ಲಿ ಪ್ರಕಟವಾದ ಒಂದು ಸಂಗ್ರಹಕ್ಕೆ ನಮ್ಮ ಈ ಚೆನ್ನೈ ನಗರದ ಕಿವುಡ ವಿದ್ಯಾರ್ಥಿಗಳೇ ಕೈಯಾಸರೆಯಾದರು. ಅದರಲ್ಲಿ 263 ಪದಗಳಿಗೆ 4,287 ವಿಡಿಯೋಗಳಿವೆ. ಭಾಗಿಸಿ ನೋಡಿದರೆ ಪದವೊಂದಕ್ಕೆ ಸುಮಾರು 16 ಬರುತ್ತವೆ. ಒಳ್ಳೆಯ ಆರಂಭ, ಆದರೆ 263 ಪದಗಳಿಂದ ಯಾರ ಸಂಸಾರ ನಡೆದೀತು? ದೆಹಲಿಯಲ್ಲಿ 2015ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಕೇಂದ್ರವು 2021ರ ಹೊತ್ತಿಗೆ ಸಿದ್ಧಪಡಿಸಿದ ನಿಘಂಟಿನಲ್ಲಿ 10,000 ಪದಗಳಿದ್ದವು. ಈ ಅಂತರವನ್ನು ತುಂಬಬೇಕಾದರೆ ಆ ಭಾಷೆಯನ್ನು ಆಡುವವರೇ ಮುಂದೆ ನಿಂತು ಮಾದರಿ ಕೊಡಬೇಕು. ಸರಿ ತಪ್ಪುಗಳನ್ನು ಅವರೇ ತೀರ್ಮಾನಿಸಬೇಕು.

ಬಂಧುಗಳೇ, ಪರಸ್ಥಳದಲ್ಲಿ ನೆಲಸಿದ ನಮಗೆ ಇದು ಹೊಸ ಪಾಠವಲ್ಲ. ಅಂಗಡಿಯಲ್ಲಿ, ಕಚೇರಿಯಲ್ಲಿ ಇನ್ನೊಬ್ಬರ ನುಡಿಯಲ್ಲಿಯೇ ಕೆಲಸ ಸಾಗಿಸುವವರು ನಾವು. ಒಂದೆರಡು ಕನ್ನಡ ಮಾತು ಕಿವಿಗೆ ಬಿದ್ದರೆ ಎಷ್ಟು ಹಿಗ್ಗುತ್ತೇವೆ! ಆ ಹಿಗ್ಗು ಕಿವುಡ ನೆರೆಯವನಿಗೂ ಸಲ್ಲಬೇಕು. ಯಂತ್ರವು ಸಿದ್ಧವಾದಾಗ ಆಗಲಿ, ಅದಕ್ಕೆ ನಮ್ಮ ಸ್ವಾಗತವಿದೆ. ಅಷ್ಟರೊಳಗೆ ನಮಸ್ಕಾರ, ಹಣ, ನೀರು, ಔಷಧ ಮುಂತಾದ ಹತ್ತು ಸಂಜ್ಞೆಗಳನ್ನಾದರೂ ನಾವೂ ನಮ್ಮ ಮಕ್ಕಳೂ ಕಲಿಯೋಣ. ಕಲಿಸಲು ಒಬ್ಬ ಕಿವುಡ ಗುರುಗಳನ್ನು ಸಂಘವು ಕರೆಸಲಿ ಎಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.