ತಿದ್ದಲು ಬರುವಂತೆ ಬರೆದಿಡೋಣ



ವಿಜ್ಞಾನ, ಎಂಜಿನಿಯರಿಂಗ್, ಶಿಕ್ಷಣ ಮೂರನ್ನೂ ಒಂದೇ ಸಂಕಿರಣದಲ್ಲಿ ಕೂರಿಸುತ್ತೇವೆ ಎಂದು ಸಂಘಟಕರು ಹೇಳಿದಾಗ ನನಗೆ ಅನುಮಾನವಿತ್ತು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಯ ಬಗ್ಗೆ ಬರೆದವರಿಗೂ ಕಾಂಕ್ರೀಟಿನ ಬಗ್ಗೆ ಬರೆದವರಿಗೂ ಏಳನೇ ತರಗತಿಯ ಭಿನ್ನರಾಶಿಯ ಬಗ್ಗೆ ಬರೆದವರಿಗೂ ಪರಸ್ಪರ ಏನು ಮಾತು? ನೀವು ಕಳಿಸಿದ ಸಾರಾಂಶಗಳನ್ನು ಓದಿದ ಮೇಲೆ ಅನುಮಾನ ಹೋಯಿತು. ಮೂರೂ ಕಡೆಯವರು ಫಲಿತಾಂಶವನ್ನು ಒಂದು ಪುಟ ಬರೆದಿದ್ದೀರಿ. ಅದು ಹೇಗೆ ಸಿಕ್ಕಿತು ಎಂಬುದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಆ ಎರಡು ಸಾಲೇ ನನ್ನ ಇವತ್ತಿನ ವಿಷಯ.

ಮೊದಲು ಚಂದ್ರವಳ್ಳಿಗೆ ಹೋಗೋಣ. ಚಿತ್ರದುರ್ಗದ ಕೋಟೆ ಬೆಟ್ಟದ ಪಶ್ಚಿಮಕ್ಕಿರುವ ಆ ಕಣಿವೆಗೆ ನಾವೆಲ್ಲ ಅಂಕಲಿ ಮಠದ ಗುಹೆ ನೋಡಲು, ಬುತ್ತಿ ಬಿಚ್ಚಲು ಹೋದವರೇ. ಅಲ್ಲಿ 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅಗೆದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದು ಅಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮಿನ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿತು. ತಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಹಾಗಾದರೆ ನಾಣ್ಯ ಸಿಕ್ಕ ಮಣ್ಣಿನ ಪದರವೂ ಅದೇ ಕಾಲದ್ದೇ? ಅವಸರದವರು ಹೌದೆನ್ನುತ್ತಾರೆ. ಆದರೆ ಬೆಳ್ಳಿ ನಾಣ್ಯ ಯಾರದೋ ಅಜ್ಜಿಯ ಗಂಟಿನಲ್ಲಿ ಮೂರು ತಲೆಮಾರು ಉಳಿದು ಆಮೇಲೆ ಮಣ್ಣಿಗೆ ಬಿದ್ದಿರಬಹುದು. ಆ ಪದರ 14ಕ್ಕಿಂತ ಹಿಂದಿನದಾಗಿರಲಾರದು ಎಂಬಷ್ಟನ್ನು ಮಾತ್ರ ನಾಣ್ಯ ಹೇಳುತ್ತದೆ. ಇನ್ನು ಅದನ್ನು ಪದರದಿಂದ ಕಿತ್ತು ಯಾರಾದರೂ ಜೇಬಿಗೆ ಹಾಕಿಕೊಂಡು ಬಂದರೆ ಅಷ್ಟನ್ನೂ ಹೇಳುವುದಿಲ್ಲ. ಬರಿ ಬೆಳ್ಳಿಯ ಬಿಲ್ಲೆಯಾಗುತ್ತದೆ.

ಬ್ರಹ್ಮಗಿರಿಯಲ್ಲಿ ವೀಲರ್ ಮೂರು ಸಂಸ್ಕೃತಿಗಳನ್ನು ಗುರುತಿಸಿದರು: ಕೆಳಗೆ ಕಲ್ಲುಕೊಡಲಿಯವರು, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಗಳವರು, ಅದರ ಮೇಲೆ ಸಾತವಾಹನರ ಕಾಲದವರು. ಒಳತಳದಲ್ಲಿ ಸಾಲುಸಾಲಾಗಿ ಸಣ್ಣ ಗೀರುಗಳಿರುವ ಒಂದು ಬಗೆಯ ನಯವಾದ ಮಡಕೆಯನ್ನು ಅವರು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಸಾಮಾನುಗಳ ಜೊತೆ ಕಂಡಿದ್ದರು. ಅದೇ ಬಗೆಯ ಚೂರು ಇಲ್ಲಿಯೂ ಸಿಕ್ಕಿತು. ಅದನ್ನು ಗೂಟ ಮಾಡಿಕೊಂಡು ಕೆಳಕ್ಕೆ ಲೆಕ್ಕ ಹಾಕಿದರು. ಶಿಲಾಗೋರಿಗಳವರು ಬಂದದ್ದು ಕ್ರಿ.ಪೂ. 200ರ ಸುಮಾರಿಗೆ, ಕಲ್ಲುಕೊಡಲಿಯವರದು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭ ಎಂದರು. ಮುಂದೆ ಇಂಗಾಲದ ಕಾಲನಿರ್ಣಯ ಬಂತು. ತೆಕ್ಕಲಕೋಟೆ, ಹಳ್ಳೂರು ಮುಂತಾದ ನೆಲೆಗಳ ಇದ್ದಿಲು ಬೇರೆ ಕಥೆ ಹೇಳಿತು. ದಖನ್ನಿನ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನದವರೆಗೆ ಹಿಂದೆ ಸರಿಯಿತು; ಹಳ್ಳೂರಿನ ಕಬ್ಬಿಣವೇ ಕ್ರಿ.ಪೂ. ಸಾವಿರದ ಹತ್ತಿರ ಹೋಯಿತು.

ಅಂದರೆ ವೀಲರ್ ಕೊಟ್ಟ ಇಸವಿಗಳು ಬಿದ್ದುಹೋದವು. ಆದರೆ ಅವರು ಗುರುತಿಸಿದ ಮೂರು ಪದರಗಳ ಕ್ರಮ ಇವತ್ತಿಗೂ ನಿಂತಿದೆ. ಯಾವ ಗುಂಡಿ, ಯಾವ ಪದರ, ಎಷ್ಟು ಆಳ, ಯಾವ ಮಡಕೆ ಎಂದು ಅವರು ನಕ್ಷೆ ಸಮೇತ ಅಚ್ಚು ಹಾಕಿಸಿದ್ದರು. ಆದ್ದರಿಂದಲೇ ಮುಂದಿನವರಿಗೆ ಅವರ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬಂತು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ನಮ್ಮ ಫಲಿತಾಂಶವನ್ನು ನಾಳೆ ಯಾರಾದರೂ ತಿದ್ದಿಯೇ ತಿದ್ದುತ್ತಾರೆ. ಅವರು ತಿದ್ದಲು ಬರುವಂತೆ ಬರೆದಿಡುವುದೇ ಸಂಶೋಧನಾ ವಿಧಾನ.

ಈಗ ಹಿರಿಯೂರು ತಾಲ್ಲೂಕಿಗೆ ಬನ್ನಿ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು 1907ರಲ್ಲಿ. ಸುಮಾರು 30 ಟಿಎಂಸಿ ಹಿಡಿಯುವ ಜಲಾಶಯ. 1933ರಲ್ಲಿ ಕೋಡಿ ಬಿತ್ತು. ಮತ್ತೆ 130 ಅಡಿ ಮುಟ್ಟಿ ಕೋಡಿ ಹರಿದದ್ದು 2022ರಲ್ಲಿ, 89 ವರ್ಷದ ಮೇಲೆ. ಆ ದಿನ ಜಾತ್ರೆಗೆ ಬಂದಂತೆ ಜನ ಬಂದರು. ಮಳೆರಾಯ ಕೊಟ್ಟ ಎಂದರು ಕೆಲವರು. ಭದ್ರಾ ಮೇಲ್ದಂಡೆಯ ನೀರು ಬಂದದ್ದರಿಂದ ತುಂಬಿತು ಎಂದರು ಕೆಲವರು. ಇಬ್ಬರೂ ಸುಳ್ಳು ಹೇಳಲಿಲ್ಲ: ಆ ವರ್ಷ ಮಳೆಯೂ ಜೋರಾಗಿತ್ತು, ಭದ್ರೆಯ ನೀರೂ ಹಿಂದಿನಿಂದ ಬಂದು ಸೇರಿತ್ತು. ಅದರಾಚೆಗೆ, ಮೇಲಿನ ಕಡೂರು, ಹೊಸದುರ್ಗ ಸೀಮೆಯ ಕೆರೆ, ಚೆಕ್‌ಡ್ಯಾಮುಗಳು ತಮ್ಮ ಪಾಲು ತುಂಬಿಸಿಕೊಂಡ ಮೇಲೆ ಉಳಿದದ್ದು ಎಷ್ಟು ಎಂಬ ಪ್ರಶ್ನೆಯೂ ಇದೆ. ಎರಡು ಕಾರಣಗಳು ಒಟ್ಟಿಗೆ ಬಂದಾಗ ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಸಂಶೋಧಕನ ಕೆಲಸ. ಬಿಡಿಸದೆ ಒಂದಕ್ಕೆ ಹಾರ ಹಾಕುವುದು ಸನ್ಮಾನ ಸಮಾರಂಭದ ಕೆಲಸ. ನಮ್ಮ ಪ್ರಬಂಧಗಳಲ್ಲಿ ಎರಡನೆಯದೇ ಹೆಚ್ಚಾಗುತ್ತಿದೆ ಎಂಬುದು ನನ್ನ ಆತಂಕ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹತ್ತಿರದ್ದೇ ಉದಾಹರಣೆ ಕೊಡುತ್ತೇನೆ. ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ ರೆಕ್ಕೆಯ ವಾಹನ ಪುಷ್ಪಕವನ್ನು ಮೂರು ಸಲ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಪ್ರತಿ ಸಲವೂ ಚಿನೂಕ್ ಹೆಲಿಕಾಪ್ಟರ್ ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ವಾಹನ ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಬಂತು. ಮೊದಲ ಸಲ ಚೆನ್ನಾಗಿ ಇಳಿಯಿತಲ್ಲ, ಮತ್ತೆರಡು ಸಲ ಯಾಕೆ? ಎರಡನೆಯ ಸಲ ರನ್‌ವೇಯ ನೇರಕ್ಕಿಂತ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಮೂರನೆಯ ಸಲ 500 ಮೀಟರ್ ಪಕ್ಕಕ್ಕೆ, ಗಾಳಿಯೂ ಜೋರಾಗಿದ್ದಾಗ. ಎರಡನೆಯ ಸಲದ ಅದೇ ರೆಕ್ಕೆ, ಅದೇ ಮೈ ಮೂರನೆಯ ಸಲವೂ ಹಾರಿತು. ತಾವೇ ಕಟ್ಟಿದ ವಾಹನವನ್ನು ಸೋಲಿಸಲು ತಾವೇ ನೋಡಿದರು, ಅದು ಸೋಲಲಿಲ್ಲ. ನೀವು ಮಾಡಿದ ಪ್ರಾಜೆಕ್ಟನ್ನು ನೀವು ಎಷ್ಟು ಸಲ ಸೋಲಿಸಲು ನೋಡಿದ್ದೀರಿ? ಒಮ್ಮೆ ದೀಪ ಹತ್ತಿತೆಂದು ಫೋಟೊ ತೆಗೆದು ವರದಿ ಬರೆದವರು ಕೈ ಎತ್ತಬೇಕಾಗಿಲ್ಲ, ಮನಸ್ಸಿನಲ್ಲಿ ಒಪ್ಪಿಕೊಂಡರೆ ಸಾಕು.

ಪರರ ಮಾತಾಯಿತು, ನನ್ನದೂ ಒಂದು ಹೇಳುತ್ತೇನೆ. ನಾನು ರಸಾಯನಶಾಸ್ತ್ರದ ಮೇಷ್ಟ್ರು. ಎಂ.ಎಸ್ಸಿ. ಓದುವಾಗ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡಲು ಹೊರಟೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಗೆಳೆಯನ ಮೋಟಾರ್ ಸೈಕಲ್ಲು, ಕಿಟ್ ಚೀಲದಲ್ಲಿ ಪ್ಲಾಸ್ಟಿಕ್ ಬಾಟಲಿಗಳು. ಒಂದು ಊರಿನಲ್ಲಿ ಬೋರಿನ ನೀರು ಹಿಡಿದು ಚೀಟಿ ಅಂಟಿಸುತ್ತಿದ್ದೆ. ಜಗಲಿಯ ಮೇಲೆ ಹುಣಸೆಹಣ್ಣು ಕುಟ್ಟುತ್ತಿದ್ದ ಅಜ್ಜಿ ಕೇಳಿದಳು, “ಏನ್ ತಮ್ಮಾ, ಆ ನೀರು ಯಾಕ್ ಹಿಡ್ಕಂಡೆ?” ನೀವು ಕುಡಿಯೋ ನೀರು ಪರೀಕ್ಷೆ ಮಾಡ್ತೀವಿ ಅಜ್ಜಿ ಎಂದೆ. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸದೆ ಹೇಳಿದಳು, “ಅದು ದನಕ್ಕೆ ಬಿಡೋದು. ನಾವು ಕುಡಿಯೋದು ಆ ತೋಟದ ಬಾವಿದು. ಅಲ್ಲಿಗೆ ನಿನ್ನ ಗಾಡಿ ಬರಾಕಿಲ್ಲ.”

ಆ ಹೊತ್ತಿಗೆ ನಾನು ಇಪ್ಪತ್ತಕ್ಕೂ ಹೆಚ್ಚು ಊರು ಮುಗಿಸಿದ್ದೆ. ಎಲ್ಲವೂ ಗಾಡಿ ಹೋಗುವ ದಾರಿಯ ಬೋರುಗಳು. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ, ಉಪಕರಣ ಸರಿಯಾಗಿತ್ತು, ದಶಾಂಶ ಚುಕ್ಕೆ ಸರಿಯಾಗಿತ್ತು. ಆದರೆ ಜನ ಕುಡಿಯುವ ನೀರನ್ನು ಅಳೆಯುತ್ತೇನೆಂದು ಹೊರಟವನು ರಸ್ತೆ ಬದಿಯ ನೀರನ್ನು ಅಳೆದಿದ್ದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ನಡೆದುಕೊಂಡು. ಯಾವ ನೀರು, ಯಾರು ಕುಡಿಯುತ್ತಾರೆ, ಬೇಸಿಗೆಯದೋ ಮಳೆಗಾಲದ್ದೋ ಎಂದು ಚೀಟಿಯ ಮೇಲೆ ಬರೆಯಲು ಅಜ್ಜಿ ಕಲಿಸಿದಳು.

ಶಿಕ್ಷಣದ ಸಂಶೋಧನೆಯಲ್ಲಿ ಈ ತಪ್ಪು ಇನ್ನೂ ಸುಲಭ. ಹೊಳಲ್ಕೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಹೊಸ ವಿಧಾನದಿಂದ ಗಣಿತ ಕಲಿಸಿದಿರಿ ಎಂದಿಟ್ಟುಕೊಳ್ಳೋಣ. ಮೊದಲು ಒಂದು ಪರೀಕ್ಷೆ, ಮೂರು ತಿಂಗಳ ಮೇಲೆ ಇನ್ನೊಂದು. ಸರಾಸರಿ ಏರಿತು, ವಿಧಾನ ಗೆದ್ದಿತು ಎಂದು ಬರೆದಿರಿ. ಆದರೆ ಎರಡನೆಯ ಪರೀಕ್ಷೆಯ ವಾರ ಶೇಂಗಾ ಕೀಳುವ ಕಾಲ. ಅಪ್ಪ ಅಮ್ಮನ ಜೊತೆ ಹೊಲಕ್ಕೆ ಹೋದ ಮಕ್ಕಳು ಪರೀಕ್ಷೆಗೆ ಬರಲಿಲ್ಲ. ಮೊದಲಿನಿಂದಲೂ ಹಿಂದುಳಿದಿದ್ದವರು ಬಹುಮಟ್ಟಿಗೆ ಅವರೇ. ಒಂದು ಮಗುವೂ ಏನೂ ಹೊಸದು ಕಲಿಯದಿದ್ದರೂ ಸರಾಸರಿ ಏರುತ್ತಿತ್ತು. ಹಾಜರಿ ಪುಸ್ತಕ ನೋಡದೆ ಅಂಕಪಟ್ಟಿ ಓದಬಾರದು.

ಇನ್ನೊಂದು ಪಾಠ ಹಿರಿಯೂರಿನ ಬಬ್ಬೂರು ಫಾರಂನಂಥ ಕೃಷಿ ಸಂಶೋಧನಾ ಕೇಂದ್ರಗಳಿಂದ ಕಲಿಯುವಂಥದ್ದು. ಹೊಸ ಗೊಬ್ಬರ ಹಾಕಿದ ತಾಕಿನ ಪಕ್ಕದಲ್ಲೇ ಏನೂ ಹಾಕದ ತಾಕು ಒಂದಿರುತ್ತದೆ. ನೋಡಲು ಬಂದ ರೈತ ಇದನ್ನು ಯಾಕೆ ಹಾಳುಬಿಟ್ಟಿರಿ ಎಂದು ಕೇಳುವುದುಂಟು. ಆ ಬಡಕಲು ತಾಕು ಇಲ್ಲದಿದ್ದರೆ ಬೆಳೆ ಎದ್ದದ್ದು ಗೊಬ್ಬರದಿಂದಲೋ ಆ ವರ್ಷದ ಹದಮಳೆಯಿಂದಲೋ ಹೇಳಲಾಗದು. ನಮ್ಮ ಶಾಲಾ ಅಧ್ಯಯನಗಳಲ್ಲಿ ಆ ತಾಕು ಎಲ್ಲಿದೆ? ಪಕ್ಕದೂರಿನ ಶಾಲೆಯ ಮಕ್ಕಳೂ ಮೂರು ತಿಂಗಳಲ್ಲಿ ಅಷ್ಟೇ ಕಲಿತಿದ್ದರೆ? ಚಳ್ಳಕೆರೆ ಬಳಿಯ ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಶಿಕ್ಷಣದ ಸಂಶೋಧಕರಿಗೆ ಅದು ಒಳ್ಳೆಯ ಅವಕಾಶ. ಅಂಥ ತರಬೇತಿ ಪಡೆದವರ ತರಗತಿಯನ್ನೂ ಪಡೆಯದವರ ತರಗತಿಯನ್ನೂ ವರ್ಷಗಟ್ಟಲೆ ಜೋಡಿಯಾಗಿ ನೋಡುವ ಅಧ್ಯಯನ ನಮ್ಮ ಜಿಲ್ಲೆಯಿಂದಲೇ ಬರಲಿ.

ಭಾಷೆಯ ಬಗ್ಗೆ ಒಂದೇ ಮಾತು. ಪ್ರಬಂಧವನ್ನು ನೀವು ಇಂಗ್ಲಿಷಿನಲ್ಲಿ ಪ್ರಕಟಿಸಿ, ಬೇಡವೆನ್ನುವುದಿಲ್ಲ. ಆದರೆ ನೀರು ಕೊಟ್ಟ ಊರಿಗೆ ಆ ನೀರಿನಲ್ಲಿ ಏನಿದೆ ಎಂದು ಒಂದು ಪುಟ ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ ಬನ್ನಿ. ಅಲ್ಲಿ ಓದುವವರು ಬೇಗ ತಪ್ಪು ಹಿಡಿಯುತ್ತಾರೆ. ನನ್ನ ತಪ್ಪು ಹಿಡಿದದ್ದು ಜಗಲಿಯೇ ಹೊರತು ನಿಯತಕಾಲಿಕೆಯಲ್ಲ.

ಈ ಎರಡು ದಿನ ಇಲ್ಲಿ ಪ್ರಬಂಧ ಮಂಡಿಸುವ ಪ್ರತಿಯೊಬ್ಬರಲ್ಲಿಯೂ ನನ್ನ ಕೋರಿಕೆ ಒಂದೇ. ವಂದನೆ ಹೇಳಿ ಇಳಿಯುವ ಮೊದಲು ಮೂರು ಪ್ರಶ್ನೆಗೆ ಉತ್ತರ ಕೊಡಿ: ಇದನ್ನು ಎಲ್ಲಿ, ಯಾವಾಗ, ಯಾರಿಂದ ಪಡೆದಿರಿ? ಇದರ ಪಕ್ಕದಲ್ಲಿಟ್ಟು ಹೋಲಿಸಿದ್ದು ಯಾವುದು? ಏನು ಕಂಡರೆ ನಿಮ್ಮ ತೀರ್ಮಾನ ತಪ್ಪೆಂದು ಒಪ್ಪುತ್ತೀರಿ? ಸಭಾಧ್ಯಕ್ಷರು ಇದಕ್ಕೆಂದು ಪ್ರತಿ ಮಂಡನೆಯ ಕೊನೆಯಲ್ಲಿ ಐದು ನಿಮಿಷ ಬಿಡಲಿ. ಚಹಾ ತಡವಾದರೂ ಚಿಂತೆಯಿಲ್ಲ.